ಲ್ಯಾಮಿನೇಷನ್ ಗ್ರೈಂಡರ್: ಪಟ್ಟಿಯ ಒಂದಂಚು ದಪ್ಪ, ಇನ್ನೊಂದು ತೆಳು, ಏನು ಮಾಡಿದ್ರೂ ಸರಿಹೋಗ್ತಿಲ್ಲ

ಬಿಲ್ಲುಹುಚ್ಚ:
ಬಿಲ್ಲಿನ ಲ್ಯಾಮಿನೇಷನ್ ಪಟ್ಟಿ (ಪದರ ಪದರವಾಗಿ ಅಂಟಿಸಿ ಬಿಲ್ಲು ಮಾಡೋದು) ತೆಳು ಮಾಡೋಕೆ ಮನೇಲೇ ಗ್ರೈಂಡರ್ ಮಾಡ್ಕೊಂಡಿದ್ದೀನಿ: ತಿರುಗೋ ಸ್ಯಾಂಡ್‌ಪೇಪರ್ ಡ್ರಮ್ಮಿಗೂ ಫೆನ್ಸ್‌ಗೂ (ಪಟ್ಟಿ ಒರಗೋ ಹಲಗೆ) ನಡುವೆ ಪಟ್ಟಿ ಹಾಯಿಸೋದು, ಒಂದು ಸಲ ಹಾಯಿಸಿದ್ರೆ ಒಂದು ಪಾಸ್. ಪಟ್ಟಿ 36 ಇಂಚು ಉದ್ದ, 50 ಮಿ.ಮೀ. ಅಗಲ, ಬೇಕಾಗಿರೋ ದಪ್ಪ 2 ಮಿ.ಮೀ. ಒಂದಂಚು 2.0 ಬಂದ್ರೆ ಇನ್ನೊಂದು 2.2. ಫೆನ್ಸ್ ಹಿಂದೆ ಶಿಮ್ (ತೆಳು ತುಂಡು) ಕೊಟ್ಟೆ, ಸರಿಯಾಯ್ತು. ಕೊನೇ ಪಾಸಿಗೆ ಬರೋ ಹೊತ್ತಿಗೆ ಉಲ್ಟಾ, ದಪ್ಪ ಇದ್ದ ಅಂಚೇ ತೆಳು! ಮೈಮೇಲೆಲ್ಲ ಸಣ್ಣ ಅಡ್ಡಗೆರೆ ಬೇರೆ. ಮೂಲೆಮಟ್ಟ ಇಟ್ಟು ನೋಡಿದ್ರೆ ಪಕ್ಕಾ 90 ಡಿಗ್ರಿ. 1440 ಆರ್‌ಪಿಎಂ. ತಲೆ ಕೆಟ್ಟುಹೋಗಿದೆ, ಯಾರಾದ್ರೂ ಹೇಳಿ.

ಪೀಣ್ಯ_ಟರ್ನರ್:
ಫೆನ್ಸೂ ಶಾಫ್ಟೂ ಪ್ಯಾರಲಲ್ ಇಲ್ಲ, ಅಷ್ಟೇ. ಪಿಲ್ಲೋ ಬ್ಲಾಕ್ (ಶಾಫ್ಟ್ ಹಿಡಿಯೋ ಬೇರಿಂಗ್) ಯುಸಿಪಿ 204 ತಾನೇ? ಬೋಲ್ಟ್ ಸಡಿಲ ಮಾಡಿ, ಫೆನ್ಸ್‌ನಿಂದ ಶಾಫ್ಟ್‌ನ ಎರಡೂ ತುದಿಗೆ ಡಯಲ್ ಗೇಜ್ ಹಿಡಿದು ಒಂದೇ ರೀಡಿಂಗ್ ಬರೋ ಹಾಗೆ ಕೂರಿಸಿ ಬಿಗೀರಿ. ಬಿಗಿಯುವಾಗ ಬ್ಲಾಕ್ ಸರಿಯುತ್ತೆ, ಬಿಗಿದ ಮೇಲೆ ಮತ್ತೆ ನೋಡಿ.

ಬಿಲ್ಲುಹುಚ್ಚ:
ಪಿಲ್ಲೋ ಬ್ಲಾಕ್ ಎಲ್ಲಿಂದ ಬಂತು ಸಾರ್? ಡ್ರಮ್ ಚಕ್‌ನಲ್ಲಿದೆ.

ಪೀಣ್ಯ_ಟರ್ನರ್:
ಯಾವ ಚಕ್? ಲೇತ್ ಚಕ್ಕಾ?

ಬಿಲ್ಲುಹುಚ್ಚ:
ಡ್ರಿಲ್ ಪ್ರೆಸ್ (ಸ್ಟ್ಯಾಂಡಿನ ತೂತು ಕೊರೆಯೋ ಮಷೀನ್) ಸಾರ್, ಇನ್ನೇನಿರುತ್ತೆ. ಬಿಟ್ ಕಚ್ಚಿ ಹಿಡಿಯೋ 13 ಮಿ.ಮೀ. ಚಕ್. ಎಂಡಿಎಫ್ ಬಿಲ್ಲೆ ಒಂದರ ಮೇಲೊಂದು ಅಂಟಿಸಿದ ಡ್ರಮ್, 75 ಮಿ.ಮೀ. ವ್ಯಾಸ, 100 ಎತ್ತರ, 60 ಗ್ರಿಟ್ (ಒರಟು) ಸ್ಯಾಂಡ್‌ಪೇಪರ್. ಟೇಬಲ್ ಮೇಲೆ ಫೆನ್ಸ್, ಪಟ್ಟಿ ಅಂಚಿನ ಮೇಲೆ ನಿಂತು ಹೋಗುತ್ತೆ.

ಪೀಣ್ಯ_ಟರ್ನರ್:
ಇದನ್ನ ಮೊದಲೇ ಹೇಳ್ಬಾರ್ದಾ! ಹಾಗಾದ್ರೆ ಚಕ್ ರನೌಟ್, ಅಂದ್ರೆ ತಿರುಗುವಾಗ ಓಲಾಟ. ಚಕ್ ಇಳಿಸಿ ಟೇಪರ್ (ಚಕ್ ಕೂರೋ ಮೊನಚು ತುದಿ) ಒರೆಸಿ, ಸ್ಪಿಂಡಲ್‌ಗೇ ಡಯಲ್ ಇಟ್ಟು ನೋಡಿ. ಹತ್ತು ಥೌ (0.25 ಮಿ.ಮೀ.) ಓಲಾಡ್ತಿದ್ರೆ ಬೇರಿಂಗ್ ಬದಲಿಸಿ.

ಧಾರವಾಡ_ಬಡಗಿ:
ರನೌಟ್ ಅಲ್ರೀ. ಡ್ರಮ್ಮಿನ ಕೆಳಗಿನ ತುದಿ ಓಲಾಡಿದ್ರ ಅಲ್ಲಿ ಸುತ್ತು ದೊಡ್ಡದಾಗಿ ಕೆಳಗಿನ ಅಂಚ ಹೆಚ್ಚು ತಿಂತೈತಿ, ತೆಳು ಆಗ್ತೈತಿ. ಯಾವ ಅಂಚು ದಪ್ಪ ಬರಾಕತ್ತೈತಿ, ಅದನ್ನ ಹೇಳೇ ಇಲ್ಲ ನೀವು.

ಬಿಲ್ಲುಹುಚ್ಚ:
ಕೆಳಗಿಂದೇ ದಪ್ಪ.

ಪೀಣ್ಯ_ಟರ್ನರ್:
ಬೇರಿಂಗ್ ಲೂಸ್ ಇದ್ರೂ ಹಾಗಾಗುತ್ತೆ. ಮೊದಲು ಬೇರಿಂಗ್ ನೋಡಿ.

ಧಾರವಾಡ_ಬಡಗಿ:
ಹೊಸಾ ಬೇರಿಂಗ್ ಹಾಕಿದ್ರೂ ಇದು ಹೋಗೂದಿಲ್ಲ. ಡ್ರಿಲ್ ಪ್ರೆಸ್ ಇರೂದು ಕೆಳಗ ಒತ್ತಾಕ, ಅಡ್ಡ ಒತ್ತಡಕ್ಕಲ್ಲ. ಡ್ರಮ್ ಮ್ಯಾಲ ಒಂದ ಕಡೆ ಹಿಡದು ಜೋತು ಬಿದ್ದೈತಿ. ಪಟ್ಟಿ ಒತ್ತಿದಾಗ ಕೆಳಗಿನ ತುದಿ ಫೆನ್ಸಿನಿಂದ ದೂರ ಸರೀತೈತಿ. ಮಷೀನ್ ನಿಂತಾಗ ಮೂಲೆಮಟ್ಟ ಇಟ್ರ 90 ತೋರಸೂದ. ಶಿಮ್ ತಗೀರಿ. ಒಂದ ಪಟ್ಟಿಗೆ ಒಂದೇ ಪಾಸಿನಾಗ ಅರ್ಧ ಮಿ.ಮೀ. ತಗೀರಿ, ಇನ್ನೊಂದಕ್ಕ 0.1. ಎರಡರಾಗೂ ಅಂಚಿನ ವ್ಯತ್ಯಾಸ ಒಂದೇ ಇದ್ರ ಫೆನ್ಸ್ ಓರೆ. ಕಟ್ ಕಡಿಮಿ ಆದಂಗ ವ್ಯತ್ಯಾಸನೂ ಕಡಿಮಿ ಆದ್ರ ಡ್ರಮ್ ಬಾಗಾಕತ್ತೈತಿ.

ಬಿಲ್ಲುಹುಚ್ಚ:
ಮಾಡಿದೆ. 0.5 ಕಟ್‌ಗೆ ವ್ಯತ್ಯಾಸ 0.2, 0.1 ಕಟ್‌ಗೆ 0.04. ಶಿಮ್ ಹಾಕಿದಾಗ ಉಲ್ಟಾ ಆಗ್ತಿದ್ದಿದ್ದು ಯಾಕೆ ಅಂತ ಈಗ ಗೊತ್ತಾಯ್ತು. ದೊಡ್ಡ ಕಟ್‌ಗೆ ಸರಿಹೊಂದಿಸಿದ ಶಿಮ್, ಕೊನೇ ಪಾಸಿನ ಸಣ್ಣ ಕಟ್‌ಗೆ ಜಾಸ್ತಿ.

ಪೀಣ್ಯ_ಟರ್ನರ್:
0.04 ವರ್ನಿಯರಲ್ಲಿ ಓದಿದ್ದಾ? ಅದರ ಲೀಸ್ಟ್ ಕೌಂಟೇ 0.02. ಮೈಕ್ರೋಮೀಟರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರ್ದು.

ಪುತ್ತೂರು_ಬಿದಿರು:
0.2 ಉಂಟಾ ಇಲ್ವಾ ನೋಡ್ಲಿಕ್ಕೆ ವರ್ನಿಯರ್ ಸಾಕು ಮಾರಾಯ್ರೆ. ಆದ್ರೆ ಈ 0.2 ಬಿಡುವ ಹಾಗಿಲ್ಲ. ಬಿಗಿತ ದಪ್ಪದ ಘನಕ್ಕೆ (ದಪ್ಪ × ದಪ್ಪ × ದಪ್ಪ) ಹೋಗ್ತದೆ: 2.0 ಇದ್ದದ್ದು 2.2 ಆದ್ರೆ ಆ ಅಂಚು 33 ಶೇಕಡಾ ಹೆಚ್ಚು ಬಿಗಿ. ಅಂಥ ಪಟ್ಟಿಗಳನ್ನು ದಪ್ಪ ಅಂಚು ಒಂದೇ ಬದಿಗೆ ಬರುವ ಹಾಗೆ ಅಂಟಿಸಿದ್ರೆ ಬಿಲ್ಲಿನ ರೆಕ್ಕೆ ತಿರುಚಿಕೊಳ್ತದೆ.

ಇನ್ನೊಂದು ಮುಖ್ಯ ವಿಷಯ. ಡ್ರಿಲ್ ಚಕ್ ಸ್ಪಿಂಡಲ್‌ನಲ್ಲಿ ಬರೀ ಟೇಪರ್ ಹಿಡಿತದಲ್ಲಿ ನಿಂತಿರುವುದು. ಅಡ್ಡ ಅದುರಾಟಕ್ಕೆ ಅದು ಡ್ರಮ್ ಸಮೇತ ಕಳಚಿ ಬೀಳ್ತದೆ, ತಿರುಗುತ್ತಿರುವಾಗಲೇ. ಕೆಳಗೆ ಬೇರಿಂಗ್ ಕೊಡದೆ ಮಷೀನ್ ಆನ್ ಮಾಡ್ಬೇಡಿ.

ಬಿಲ್ಲುಹುಚ್ಚ:
ಕೆಳಗೆ ಬೇರಿಂಗ್ ಹೇಗೆ?

ಪುತ್ತೂರು_ಬಿದಿರು:
6202 2ಆರ್‌ಎಸ್ ತಗೊಳ್ಳಿ, ಒಳವ್ಯಾಸ 15, ಹೊರವ್ಯಾಸ 35, ಅಗಲ 11. ರಬ್ಬರ್ ಸೀಲ್ ಇರ್ಲಿ, ಧೂಳು ಹೋಗ್ಬಾರ್ದು. 15 ಮಿ.ಮೀ. ಶಾಫ್ಟ್ ಡ್ರಮ್ ದಾಟಿ ಕೆಳಗೆ 20 ಮಿ.ಮೀ. ಬರ್ಬೇಕು, ಮೇಲಿನ ತುದಿ 12ಕ್ಕೆ ಇಳಿಸಿ ಚಕ್‌ಗೆ. ಗಟ್ಟಿಮರದ ತುಂಡಿನಲ್ಲಿ 35ರ ಗುಂಡಿ ತೆಗೆದು ಬೇರಿಂಗ್ ಕೂರಿಸಿ. ಆ ತುಂಡನ್ನು ಮೊದಲೇ ಬೋಲ್ಟ್ ಮಾಡ್ಬೇಡಿ. ಕ್ವಿಲ್ (ಹಿಡಿಕೆ ಎಳೆದ್ರೆ ಚಕ್ ಸಮೇತ ಇಳಿಯುವ ಕೊಳವೆ) ಇಳಿಸಿ, ಶಾಫ್ಟ್ ಬೇರಿಂಗಿಗೆ ಹೊಕ್ಕ ಮೇಲೆ ಕ್ವಿಲ್ ಲಾಕ್ ಮಾಡಿ, ಕೈಯಲ್ಲಿ ತಿರುಗಿಸಿ, ತುಂಡು ತಾನಾಗಿ ಕೂತ ಜಾಗದಲ್ಲಿ ಬಿಗೀರಿ. ಟೇಬಲ್‌ನ ಕಂಬದ ಕ್ಲಾಂಪ್ ಕೂಡ ಬಿಗಿ ಇರ್ಲಿ.

ಸಿಪ್ಪೆಪುಡಿ:
ಇಷ್ಟೆಲ್ಲ ಯಾಕ್ ಗುರು, ಲೇತ್ ಮೇಲೆ ಹಾಕಿ! ನನ್ನದು ಹೆಡ್‌ಸ್ಟಾಕ್ ಟೇಲ್‌ಸ್ಟಾಕ್ ನಡುವೆ 125 ಮಿ.ಮೀ. ಡ್ರಮ್, ಎರಡೂ ತುದಿಗೆ ಆಧಾರ, ಬೆಡ್ ಮೇಲೆ ಕೀಲು ಕೊಟ್ಟ ಹಲಗೆ, ಎತ್ತೋಕೆ ಒಂದು ಎಂ10 ಬೋಲ್ಟ್. ಪಿಚ್ 1.5, ಹಲಗೆಯ ಕೀಲಿಗೆ ಎದುರಿನ ತುದಿಗೆ ಬೋಲ್ಟು, ನಟ್ಟನಡುವೆ ಡ್ರಮ್ಮು. ಕಾಲು ಸುತ್ತಿಗೆ ಡ್ರಮ್ ಹತ್ತಿರ ಹಲಗೆ 0.19 ಮಿ.ಮೀ. ಏರುತ್ತೆ.

ಪೀಣ್ಯ_ಟರ್ನರ್:
ಲೇತ್ ಬೆಡ್ ಮೇಲೆ ಎಮರಿ ಪುಡಿ! ಸ್ಲೈಡ್ ಸವೆದ ಮೇಲೆ ಬಂದು ಕೇಳ್ಬೇಡಿ.

ಸಿಪ್ಪೆಪುಡಿ:
ಮರದ ಲೇತ್ ಸಾರ್, ಅದಕ್ಕೆ ಬೆಡ್ ಮೇಲೆ ಜಾರೋ ಕ್ಯಾರೇಜೇ ಇಲ್ಲ. ಎರಡು ಎಚ್‌ಪಿ ಡಸ್ಟ್ ಕಲೆಕ್ಟರ್ ಬೇರೆ ಇದೆ, ಅದನ್ನೂ ನಾನೇ ಕಟ್ಟಿದ್ದು.

ಪೀಣ್ಯ_ಟರ್ನರ್:
ಅದಕ್ಕೆ ಬೇರೆ ಥ್ರೆಡ್ ಹಾಕಿ.

ಬಿಲ್ಲುಹುಚ್ಚ:
ಬೇರಿಂಗ್ ಹಾಕಿದೆ. 0.5 ಕಟ್‌ಗೂ ವ್ಯತ್ಯಾಸ ವರ್ನಿಯರ್‌ಗೆ ಸಿಗ್ತಿಲ್ಲ. ಅಡ್ಡಗೆರೆ ಮಾತ್ರ ಹಾಗೇ ಇದೆ, ಗಂಟಿನ ಹತ್ತಿರ ಸ್ವಲ್ಪ ಉಬ್ಬು ಕೂಡ.

ಪುತ್ತೂರು_ಬಿದಿರು:
ಗಂಟಾ? ಬಿದಿರಾ ಇದು? ಈಗ ಹೇಳ್ತೀರಲ್ಲ! ಗಂಟು ಗಟ್ಟಿ, ಡ್ರಮ್ಮನ್ನು ಹಿಂದೆ ತಳ್ಳಿ ದಪ್ಪ ಉಳಿಯುತ್ತದೆ. ಕೊನೆಯ ಸೆಟ್ಟಿಂಗ್ ಮುಟ್ಟದೆ ಇನ್ನೆರಡು ಸಲ ಓಡಿಸಿ. ಡ್ರಮ್ ತಿರುಗುವ ದಿಕ್ಕಿಗೆ ಎದುರಾಗಿಯೇ ಕೊಡಿ, ಇಲ್ಲದಿದ್ರೆ ಪಟ್ಟಿ ಕಸಿದು ಎಸೀತದೆ. ಮಾಸ್ಕ್ ಉಂಟಲ್ಲ?

ಧಾರವಾಡ_ಬಡಗಿ:
ಗೆರಿಗಳ ನಡುವಿನ ಅಂತರ ಅಳೀರಿ. ಪಟ್ಟಿ ಪೂರ್ತಿ ದಾಟಾಕ ಎಷ್ಟು ಸೆಕೆಂಡ್?

ಬಿಲ್ಲುಹುಚ್ಚ:
ಸುಮಾರು 25. ಹತ್ತು ಗೆರೆ ಸೇರಿ 15 ಮಿ.ಮೀ.

ಧಾರವಾಡ_ಬಡಗಿ:
915 ಮಿ.ಮೀ. 25 ಸೆಕೆಂಡಿಗೆ ಅಂದ್ರ ನಿಮಿಷಕ್ಕ 2200. ಅದನ್ನ 1440ರಿಂದ ಭಾಗಿಸಿದ್ರ ಸುತ್ತಿಗೆ 1.5, ಗೆರಿ ಅಂತರನೂ ಅಷ್ಟ. ಸುತ್ತಿಗೊಂದ ಗೆರಿ ಬೀಳಾಕತ್ತೈತಿ, ಡ್ರಮ್ಮಿನ ಮ್ಯಾಲ ಒಂದ ಕಡೆ ಉಬ್ಬೈತಿ. ಪೇಪರ್ ಒಂದರ ಮ್ಯಾಲೊಂದು ಏರಿಸಿ ಅಂಟಿಸೀರಿ, ಹೌದಲ್ಲೋ?

ಬಿಲ್ಲುಹುಚ್ಚ:
ಹೌದು, ಅರ್ಧ ಇಂಚು ಏರಿದೆ.

ಪೀಣ್ಯ_ಟರ್ನರ್:
ನಾನು ರನೌಟ್ ಅಂದಿದ್ದು ಇದಕ್ಕೇ.

ಧಾರವಾಡ_ಬಡಗಿ:
ನೀವು ಅಂದದ್ದು ಅಂಚಿನ ದಪ್ಪಕ್ಕ.

ಪೀಣ್ಯ_ಟರ್ನರ್:
ಇರ್ಲಿ ಬಿಡಿ. ಪೇಪರ್ ಕಿತ್ತು ಹಾಕಿ. ಬರೀ ಡ್ರಮ್ ಈಗಿರೋ ಬೇರಿಂಗ್‌ನಲ್ಲೇ ತಿರುಗಲಿ, ಚಪ್ಪಟೆ ಹಲಗೆಗೆ 80 ಗ್ರಿಟ್ ಅಂಟಿಸಿ ಫೆನ್ಸ್‌ಗೆ ಒರಗಿಸಿ, ಡ್ರಮ್ ಸುತ್ತಲೂ ಸಮ ಸವೆಯೋವರೆಗೆ ಹಿಡೀರಿ. ಸವೆಯೋ ಮೊದಲು ಡ್ರಮ್ ಮೇಲೆ ಪೆನ್ಸಿಲ್ ಗೆರೆ ಎಳೆದಿಡಿ, ಅದು ಪೂರ್ತಿ ಅಳಿದ್ರೆ ಟ್ರೂ (ಪಕ್ಕಾ ದುಂಡಗೆ) ಆಯ್ತು. ಆಮೇಲೆ ಬಟ್ಟೆ ಬೆನ್ನಿನ 60 ಗ್ರಿಟ್ ರೋಲಿನಿಂದ 40 ಮಿ.ಮೀ. ಪಟ್ಟಿ ಕತ್ತರಿಸಿ ಸುರುಳಿಯಾಗಿ ಸುತ್ತಿ, ಅಂಚಿಗೆ ಅಂಚು ತಾಗ್ಬೇಕು, ಏರಬಾರ್ದು. ತಿರುಗಿದಾಗ ಸುರುಳಿ ಬಿಗಿಯಾಗೋ ದಿಕ್ಕಿಗೆ ಸುತ್ತಿ.

ಸಿಪ್ಪೆಪುಡಿ:
ಡಸ್ಟ್ ಕಲೆಕ್ಟರ್ ಥ್ರೆಡ್ ಹಾಕಿದೀನಿ, ಫೋಟೋ ಸಮೇತ.