ಚಕ್ರದ ಮೇಲಿನ ಪುಟ್ಟ ಮನೆ: 3,500 ಕೆಜಿ ಒಳಗೆ ಮುಗಿಸೋಕೆ ಆಗುತ್ತಾ?

ನಕ್ಷೆಗಾರ್ತಿ:

ಎಲ್ಲರಿಗೂ ನಮಸ್ಕಾರ. ನಾನು, ನಮ್ಮ ಯಜಮಾನರು ಇಬ್ಬರೇ ಇರೋಕೆ ಒಂದು ಚಕ್ರದ ಮನೆ ಕಟ್ಟಬೇಕು ಅಂತಿದ್ದೇವೆ. ಎರಡು ಆಕ್ಸಲ್‌ನ ಟ್ರೇಲರ್ ನೋಡಿಟ್ಟಿದ್ದೇವೆ. ಉದ್ದ 6 ಮೀಟರ್, ಅಗಲ 2.5. ಪ್ಲೇಟ್ ಮೇಲೆ ಒಟ್ಟು ತೂಕ 3,500 ಕೆಜಿ ಅಂತಿದೆ. ಖಾಲಿ ಟ್ರೇಲರೇ 750 ಕೆಜಿ.

ನಕ್ಷೆ ಬರೆಯೋದೇ ನನ್ನ ಕೆಲಸ, ಹಾಗಾಗಿ ಒಳಗಿನ ಅಳತೆಯ ಚಿಂತೆಯಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಪೂರ್ತಿ ಅಳತೆಗೆ ಗೆರೆ ಎಳೆದು, ಒಬ್ಬರು ಒಲೆ ಮುಂದೆ ನಿಂತಾಗ ಇನ್ನೊಬ್ಬರು ಬಚ್ಚಲಿಗೆ ಹೋಗಬಹುದಾ ಅಂತಲೂ ನೋಡಿಯಾಯಿತು. ಹೋಗಬಹುದು, ಪಕ್ಕಕ್ಕೆ ತಿರುಗಿಕೊಂಡು.

ತಲೆನೋವು ತೂಕದ್ದು. ಗೋಡೆಗೂ ಚಾವಣಿಗೂ ಒಳಗಡೆ ಜಿಪ್ಸಂ ಬೋರ್ಡ್, ಡಬಲ್ ಗ್ಲಾಸಿನ ಕಿಟಕಿಗಳು ಒಟ್ಟು 8 ಚದರ ಮೀಟರ್, ಹಿಂದುಗಡೆ ಬಚ್ಚಲ ಕೆಳಗೆ 300 ಲೀಟರ್ ನೀರಿನ ಟ್ಯಾಂಕ್, ಅಡುಗೆ ಕಟ್ಟೆಗೆ ಗ್ರಾನೈಟ್, ಮಲಗೋಕೆ ಮೇಲೆ ಅಟ್ಟ. ಆಗಾಗ ಜಾಗ ಬದಲಿಸುವ ಯೋಚನೆ ಇದೆ. ಈ ಟ್ರೇಲರ್ ಸಾಕಾ, ಮೂರು ಆಕ್ಸಲ್‌ದು ತಗೋಬೇಕಾ? ಅಟ್ಟದಲ್ಲಿ ಎದ್ದು ಕೂತರೆ ತಲೆ ತಾಗಬಾರದು ಅನ್ನೋದು ಯಜಮಾನರ ಒಂದೇ ಬೇಡಿಕೆ.

ವೆಲ್ಡಿಂಗ್ ಶೆಡ್:

ಮೇಡಂ, ನಾನು ಟ್ರೇಲರ್ ಬಾಡಿ ಕಟ್ಟುವವನು. ನಮ್ಮ ಶೆಡ್ಡಿಗೆ ಬರುವವರೆಲ್ಲ ಮನೆಯ ಚಿತ್ರ ತರುತ್ತಾರೆ, ತೂಕದ ಪಟ್ಟಿ ಯಾರೂ ತರೋದಿಲ್ಲ. ನೀವು ಕೇಳಿದಿರಲ್ಲ, ಅದೇ ಖುಷಿ.

3,500ರಲ್ಲಿ ಟ್ರೇಲರಿನ ತೂಕವೂ ಸೇರಿದೆ. ಉಳಿಯೋದು 2,750. ಬಟ್ಟೆ, ಪಾತ್ರೆ, ಹಾಸಿಗೆ, ಬ್ಯಾಟರಿ, ಸಿಲಿಂಡರ್ ಅಂತ ಕಮ್ಮಿ ಅಂದ್ರೂ 400 ಎತ್ತಿಡಿ. ಈಗ ನಿಮ್ಮ ಪಟ್ಟಿಗೆ ಬರೋಣ. ಜಿಪ್ಸಂ ಚದರ ಮೀಟರಿಗೆ ಎಂಟೂವರೆ ಕೆಜಿ ಹತ್ತಿರ ಬರುತ್ತದೆ. ನಿಮ್ಮ ಗೋಡೆ, ಚಾವಣಿ ಸೇರಿ 58 ಚದರ ಮೀಟರ್ ಅಂದುಕೊಂಡರೆ ಸುಮಾರು 500 ಕೆಜಿ. ಗಾಜು ಪ್ರತಿ ಮಿಲಿಮೀಟರ್ ದಪ್ಪಕ್ಕೆ ಚದರ ಮೀಟರಿಗೆ ಎರಡೂವರೆ ಕೆಜಿ. 5 ಮಿಮೀ ಎರಡು ಪದರ ಹಾಕಿದರೆ 8 ಚದರ ಮೀಟರಿಗೆ 200 ಕೆಜಿ, ಚೌಕಟ್ಟು ಬೇರೆ. ನೀರು ಲೀಟರಿಗೆ ಒಂದು ಕೆಜಿ, ಅಲ್ಲಿಗೆ 300. ಗ್ರಾನೈಟ್ 20 ಮಿಮೀದು ಚದರ ಮೀಟರಿಗೆ 54 ಕೆಜಿ. ನಿಮ್ಮ ಕಟ್ಟೆ 60 ಸೆಂಮೀ ಅಗಲ, ಎರಡೂಕಾಲು–ಎರಡೂವರೆ ಮೀಟರ್ ಉದ್ದ ಇದ್ದರೆ 80ರ ಹತ್ತಿರ. ಇಷ್ಟಕ್ಕೇ 1,080 ಆಯ್ತು. ಉಳಿದ 1,270ರಲ್ಲಿ ಫ್ರೇಮು, ನೆಲ, ಹೊರಗಿನ ಹೊದಿಕೆ, ಮಾಡು, ಇನ್ಸುಲೇಶನ್, ಅಟ್ಟ, ಬಚ್ಚಲು, ಬೀರು ಎಲ್ಲ ಮುಗೀಬೇಕು. ಆಗೋ ಮಾತಲ್ಲ.

ಜಿಪ್ಸಂ ಮೊದಲು ಕೈಬಿಡಿ. ಭಾರ ಒಂದು ಕಡೆ, ರಸ್ತೆಯ ಕುಲುಕಿಗೆ ಜಾಯಿಂಟಲ್ಲೆಲ್ಲ ಬಿರುಕು ಇನ್ನೊಂದು ಕಡೆ. 6 ಮಿಮೀ ಪ್ಲೈವುಡ್ ಹಾಕಿದರೆ ಅದೇ ಗೋಡೆ, ಚಾವಣಿ ಸುಮಾರು 210 ಕೆಜಿಗೆ ಮುಗಿಯುತ್ತದೆ. ಕಿಟಕಿ ಅರ್ಧ ಮಾಡಿ. ಟ್ಯಾಂಕ್ 100 ಲೀಟರ್ ಸಾಕು, ನಿಂತ ಕಡೆ ಪೈಪ್ ಜೋಡಿಸಿಕೊಳ್ಳಿ, ಹೊರಡುವ ಮೊದಲು ಖಾಲಿ ಮಾಡಿ.

ಟ್ಯಾಂಕ್ ಹಿಂದೆ ಇಡೋದಂತೂ ಬೇಡವೇ ಬೇಡ. ಆಕ್ಸಲ್ ಹಿಂದೆ ಭಾರ ಕೂತರೆ ಮುಂದಿನ ಹಿಚ್, ಅಂದರೆ ಗಾಡಿಗೆ ಸಿಕ್ಕಿಸೋ ಕೊಂಡಿ, ಹಗುರಾಗುತ್ತದೆ. ಸ್ಪೀಡ್ ಹತ್ತಿದ ಮೇಲೆ ಟ್ರೇಲರ್ ಬಾಲ ಆಡಿಸೋಕೆ ಶುರು ಮಾಡಿದರೆ ಎಳೆಯೋ ಗಾಡಿಯನ್ನೂ ಜೊತೆಗೆ ತಿರುಗಿಸಿಬಿಡುತ್ತದೆ. ಅಮೆರಿಕದಲ್ಲಿ ಒಟ್ಟು ತೂಕದ ಶೇ. 10ರಿಂದ 15 ಹಿಚ್ ಮೇಲೆ ಬರಲಿ ಅಂತಾರೆ. ಯುರೋಪಿನ ಟ್ರೇಲರ್‌ಗಳಿಗೆ ಮಿತಿ ಇದಕ್ಕಿಂತ ಕಮ್ಮಿ, ಹಾಗಾಗಿ ಹಿಚ್ ಮೇಲೂ ಗಾಡಿ ಮೇಲೂ ಬರೆದಿರೋದನ್ನೇ ನಂಬಿ. ಟ್ಯಾಂಕ್ ಆಕ್ಸಲ್ ಹತ್ತಿರ, ತಳಮಟ್ಟದಲ್ಲಿ ಇರಲಿ.

ಮೂರು ಆಕ್ಸಲ್ ಹಾಕಬಹುದು, ಆದರೆ ಅದನ್ನು ಎಳೆಯೋರು ಯಾರು? ಯುರೋಪಿನಲ್ಲಿ ಕಾರಿನ ಲೈಸೆನ್ಸಿಗೆ ಬಿಇ (ಭಾರದ ಟ್ರೇಲರ್ ಎಳೆಯೋ ಅನುಮತಿ) ಸೇರಿಸಿದರೂ ಟ್ರೇಲರ್ 3,500 ದಾಟುವ ಹಾಗಿಲ್ಲ. ಅಮೆರಿಕದವರು 7,000 ಪೌಂಡಿನ ಆಕ್ಸಲ್ ಎರಡು ಹಾಕಿ 6 ಟನ್ ದಾಟಿಸುತ್ತಾರೆ. ಆ ವಿಡಿಯೊ ನೋಡಿಕೊಂಡು ಮೂರೂವರೆ ಟನ್ ಟ್ರೇಲರ್ ಮೇಲೆ ಅದೇ ಮನೆ ಕೂರಿಸೋಕೆ ಹೋಗೋದೇ ಎಲ್ಲ ರಗಳೆಗೆ ಮೂಲ.

ಅಟ್ಟದ ಬೆಕ್ಕು:

ನಾನು ಇಂಥ ಮನೆಯಲ್ಲೇ ಇರೋದು. ತೂಕ ವೆಲ್ಡಿಂಗ್ ಸರ್ ಹೇಳಿಯಾಯ್ತು, ನಾನು ಅಟ್ಟಕ್ಕೆ ಬರ್ತೀನಿ.

ಎತ್ತರದ ಮಿತಿ ಯುರೋಪಿನ ಬಹುತೇಕ ಕಡೆ 4 ಮೀಟರ್, ಅಮೆರಿಕದ ಹಲವು ರಾಜ್ಯಗಳಲ್ಲಿ 13.5 ಅಡಿ. ಅಂದರೆ 4.1 ಮೀಟರ್. ನಿಮ್ಮಲ್ಲಿ ಎಷ್ಟು ಅಂತ ಮೊದಲು ತಿಳಿದುಕೊಳ್ಳಿ. 4 ಅಂತಲೇ ಇಟ್ಟುಕೊಳ್ಳೋಣ. ಟ್ರೇಲರಿನ ಹಾಸು ನೆಲದಿಂದ 60 ಸೆಂಮೀ, ಮನೆಯ ನೆಲ 12, ಮಾಡು 15. ಒಳಗೆ ಸಿಗೋದು 3.13 ಮೀಟರ್. ಕೆಳಗೆ ಅಡುಗೆಮನೆಗೆ 1.95 ಬಿಟ್ಟು, ಅಟ್ಟದ ಹಲಗೆಗೆ 8 ಸೆಂಮೀ ಕಳೆದರೆ ಮೇಲೆ 1.10. ಅದರಲ್ಲಿ 15 ಹಾಸಿಗೆಗೇ ಹೋಯ್ತು. ಉಳಿದ 95 ಸೆಂಮೀಯಲ್ಲಿ ಯಜಮಾನರು ಕೂರಬಹುದು, ಸ್ವಲ್ಪ ಎತ್ತರದವರಾದರೆ ಕಷ್ಟ. ಕುರ್ಚಿ ಮೇಲೆ ನೆಟ್ಟಗೆ ಕೂರಿಸಿ, ಸೀಟಿನಿಂದ ನೆತ್ತಿವರೆಗೆ ಟೇಪ್ ಹಿಡಿದು ನೋಡಿ. ಹಾಸು ತಗ್ಗಿರುವ ಟ್ರೇಲರ್ ಸಿಕ್ಕರೆ 10 ಸೆಂಮೀ ಗಿಟ್ಟುತ್ತದೆ. ಅಟ್ಟದಿಂದ ಹೊರಗೆ ತೂರುವಷ್ಟು ದೊಡ್ಡ ಕಿಟಕಿ ಒಂದು ಇರಲೇಬೇಕು. ಬೆಂಕಿ ಬಿದ್ದರೆ ಏಣಿ ಇರೋದು ಒಲೆ ಪಕ್ಕದಲ್ಲೇ, ಅಲ್ವಾ?

ಇನ್ನೊಂದು ವಿಷಯ, ಇದನ್ನು ಯಾರೂ ಮೊದಲೇ ಹೇಳೋದಿಲ್ಲ: ತೇವ. ಒಂದು ಕೆಜಿ ಅಡುಗೆ ಗ್ಯಾಸ್ ಉರಿದರೆ ಒಂದೂವರೆ ಕೆಜಿಗಿಂತ ಜಾಸ್ತಿ ನೀರು ಆವಿಯಾಗಿ ಹೊರಬರುತ್ತದೆ. ಜೊತೆಗೆ ಇಬ್ಬರ ಉಸಿರು, ಸ್ನಾನ, ಒಗೆದ ಬಟ್ಟೆ. ಆ ಚಿಕ್ಕ ಡಬ್ಬಿಯಲ್ಲಿ ಅದೆಲ್ಲ ಹೋಗೋದು ಎಲ್ಲಿಗೆ? ತಣ್ಣಗಿರೋ ಕಡೆ ಹನಿಯಾಗಿ ಕೂರುತ್ತದೆ. ನನ್ನ ಹಾಸಿಗೆ ಎತ್ತಿ ನೋಡಿದಾಗ ಅಡಿಯ ಪ್ಲೈವುಡ್ ಮೇಲೆ, ನಾನು ಮಲಗುವಷ್ಟೇ ಜಾಗದಲ್ಲಿ, ಕಪ್ಪು ಚುಕ್ಕೆ ಚುಕ್ಕೆ ಬೂಷ್ಟು. ಅಟ್ಟಕ್ಕೆ ಪೂರ್ತಿ ಹಲಗೆ ಹೊಡೀಬೇಡಿ, ಸಂದು ಬಿಟ್ಟು ಪಟ್ಟಿ ಹೊಡೆಯಿರಿ. ಒಲೆ ಮೇಲೆ ಹೊರಕ್ಕೆ ಎಳೆಯೋ ಫ್ಯಾನ್ ಇರಲಿ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲ ಹಿಡಿಯುತ್ತದೆ. ಆದ್ದರಿಂದ ನೆಲಮಟ್ಟದಲ್ಲೂ ಗಾಳಿಕಿಂಡಿ ಬೇಕು.

ಸುಮ್ನೆ ಓದುಗ:

ಕಟ್ಟೋದೆಲ್ಲ ಸರಿ, ನಿಲ್ಲಿಸೋಕೆ ಜಾಗ ಇದೆಯಾ? ಚಕ್ರ ಇದ್ದ ಮಾತ್ರಕ್ಕೆ ಎಲ್ಲೆಂದರಲ್ಲಿ ವಾಸ ಮಾಡೋಕೆ ಬಿಡಲ್ಲ. ಅದನ್ನ ಕೇಳಿಕೊಂಡು ಆಮೇಲೆ ಟ್ರೇಲರ್‌ಗೆ ದುಡ್ಡು ಕೊಡಿ.

ನಕ್ಷೆಗಾರ್ತಿ:

ಎಲ್ಲರಿಗೂ ಥ್ಯಾಂಕ್ಸ್. ಜಾಗ ಇದೆ, ಬರಹದಲ್ಲೇ ಒಪ್ಪಿಗೆ ತಗೊಂಡಿದ್ದೇವೆ. ಯಜಮಾನರನ್ನ ಕುರ್ಚಿ ಮೇಲೆ ಕೂರಿಸಿ ಅಳೆದೆ, 92 ಸೆಂಮೀ. ತಲೆಗೂ ಮಾಡಿಗೂ ನಡುವೆ ಮೂರು ಬೆರಳು ಹಿಡಿಯಲ್ಲ, ಆದರೂ ಒಪ್ಪಿದ್ದಾರೆ. ಜಿಪ್ಸಂ ಹೋಯ್ತು, ದೊಡ್ಡ ಟ್ಯಾಂಕ್ ಹೋಯ್ತು, ಕಿಟಕಿ ಅರ್ಧವಾಯ್ತು. ಗ್ರಾನೈಟ್ ಮಾತ್ರ ಒಲೆ ಪಕ್ಕ ಒಂದು ಮೊಳ ಉಳಿಸಿಕೊಳ್ತೀನಿ, ಬೈಬೇಡಿ. ತೂಕದ ಪಟ್ಟಿ ಹೊಸದಾಗಿ ಬರೆದೆ, 3,280ಕ್ಕೆ ನಿಂತಿದೆ. ಇಷ್ಟು ಅಂತರ ಸಾಕಾ?

ವೆಲ್ಡಿಂಗ್ ಶೆಡ್:

ಒಂದು ಮೊಳಕ್ಕೆ ಬೈಯಲ್ಲ ಮೇಡಂ, ಆದರೆ ಅದರಡಿ ಪ್ಲೈವುಡ್ ಕೊಟ್ಟು ಪೂರ್ತಿ ಅಂಟಿಸಿ. 220 ಕೆಜಿ ಅಂತರ ಕಾಗದದ ಮೇಲೆ ಸಾಕು. ಆದರೆ ಅಂಟು, ಸ್ಕ್ರೂ, ಪೇಂಟು, ವೈರು ಯಾರ ಪಟ್ಟಿಯಲ್ಲೂ ಸರಿಯಾಗಿ ಬರೋದಿಲ್ಲ. ಫ್ರೇಮು, ಮಾಡು ಮುಗಿದ ತಕ್ಷಣ ಒಂದು ಸಲ ವೇಬ್ರಿಡ್ಜ್‌ಗೆ ಎಳೆದುಕೊಂಡು ಹೋಗಿ. ಗಾಡಿಯಿಂದ ಕಳಚಿ ಇಡೀ ಟ್ರೇಲರ್ ಒಂದು ಸಲ ತೂಗಿ, ಆಮೇಲೆ ಮುಂದಿನ ಚಿಕ್ಕ ಚಕ್ರ ಮಾತ್ರ ಪ್ಲೇಟ್ ಮೇಲೆ ಇಟ್ಟು ಇನ್ನೊಂದು ಸಲ. ಆ ಎರಡು ಚೀಟಿ ನೋಡಿಯೇ ಬೀರು ಯಾವ ಕಡೆ ಅಂತ ತೀರ್ಮಾನ ಮಾಡಿ.

ಮೊಳೆ ಹೊಡೀಬೇಡಿ. ಜಾಯಿಂಟಿಗೆಲ್ಲ ಅಂಟು ಹಚ್ಚಿ ಸ್ಕ್ರೂ ಬಿಗಿಯಿರಿ, ಫ್ರೇಮನ್ನ ಚಾಸಿಗೆ ಬೋಲ್ಟ್ ಮಾಡಿ. ನಿಂತಾಗ ಜಾಕಿ ಕೊಡೋದು ಚಾಸಿಗೆ, ಆಕ್ಸಲ್‌ಗಲ್ಲ. ರಸಮಟ್ಟ ಇಟ್ಟು ನೋಡಿ, ಇಲ್ಲದಿದ್ದರೆ ಬಚ್ಚಲ ನೀರು ಬಾಗಿಲಿಗೆ ಬರುತ್ತದೆ. ಚಕ್ರ ಬಿಚ್ಚಿ ಹಾಕಿದ ಮೇಲೆ 50–100 ಕಿಮೀ ಓಡಿಸಿ, ನಿಲ್ಲಿಸಿ, ನಟ್ಟು ಮತ್ತೊಮ್ಮೆ ಬಿಗಿ ಮಾಡಿ. ಟಾರ್ಕ್ ವ್ರೆಂಚ್‌ನಲ್ಲೇ ಮಾಡಿ, ಕಾಲಲ್ಲಿ ತುಳಿದು ಅಲ್ಲ.