ಪದಚರ್ಚೆ: ಮಾಳಿಗೆ, ಶೀಟು, ಗೋಡೆಹೊದಿಕೆ – ಮನೆ ಕಟ್ಟಿಸುವ ಕರಾರಿಗೆ ಬೇಕಾದ ಪದಗಳು

ಎಲ್ಲರಿಗೂ ನಮಸ್ಕಾರ.

ಚಳ್ಳಕೆರೆ ಕಡೆಯ ಹಳ್ಳಿಯಲ್ಲಿ ನಮ್ಮ ಅತ್ತೆ ಹಳೇ ಮಾಳಿಗೆ ಮನೆ ಬಿಚ್ಚಿಸಿ ಹೊಸದು ಕಟ್ಟಿಸಲು ಹೊರಟಿದ್ದಾರೆ. ದುಡ್ಡು ಅವರದು. ಮೇಸ್ತ್ರಿ ಜೊತೆ ಮಾಡಿಕೊಳ್ಳುವ ಕರಾರು ಕನ್ನಡದಲ್ಲೇ ಇರಬೇಕು, ಓದಿ ಅರ್ಥ ಆದ ಮೇಲೇ ಸಹಿ ಹಾಕೋದು ಅಂತ ಹೇಳಿಬಿಟ್ಟಿದ್ದಾರೆ. ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಪಾಯ, ಬಾಗಿಲು, ಕಿಟಕಿ ಎಲ್ಲ ಸಲೀಸಾಗಿ ಬರೆದಾಯಿತು. ತೊಡಕು ಇರೋದು ಎರಡೇ ಕಡೆ. ಮನೆ ಮೇಲೆ ಏನು ಹಾಕೋದು, ಹೊರಗೋಡೆಗೆ ಏನು ಹೊದಿಸೋದು. ಪದ ಸರಿ ಇಲ್ಲದಿದ್ದರೆ ಸಾಮಾನೇ ಬದಲಾಗಿಬಿಡುತ್ತೆ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ಮೊದಲು ಮಾಳಿಗೆ. ನಮ್ಮ ಕಡೆ ಮಾಳಿಗೆ ಅಂದರೆ ಮಹಡಿ ಅಲ್ಲ. ತೊಲೆ, ಅದರ ಮೇಲೆ ಜಂತೆ, ಜಂತೆಯ ಮೇಲೆ ಬಿದಿರಿನ ದಬ್ಬೆಯೋ ಚಕ್ಕೆಯೋ, ಆಮೇಲೆ ಬಂದ್ರೆ ಸೊಪ್ಪು ಇಲ್ಲವೇ ಲಕ್ಕಿ ಸೊಪ್ಪು, ಅದರ ಮೇಲೆ ಮಣ್ಣು, ಎಲ್ಲಕ್ಕಿಂತ ಮೇಲೆ ಕರಲು ಮಣ್ಣು. ಹೀಗೆ ಮಟ್ಟಸವಾಗಿ ಮುಚ್ಚಿದ್ದು ಮಾಳಿಗೆ. ಅದಿರುವ ಮನೆ ಮಾಳಿಗೆ ಮನೆ, ನೆಲಕ್ಕೆ ಅಂಟಿದ ಒಂದೇ ಅಂತಸ್ತಿದ್ದರೂ ಸರಿ. ಮಳೆಗಾಲಕ್ಕೆ ಮುಂಚೆ ಅತ್ತೆ ಏಣಿ ಹತ್ತಿ, ಬಿರುಕು ಬಿಟ್ಟ ಕಡೆ ಕರಲು ಸುರಿದು, ನೀರು ಚಿಮುಕಿಸಿ, ಅಂಗೈಯಲ್ಲಿ ಸವರಿ ಸವರಿ ಕೂರಿಸೋದನ್ನು ನಾನು ಚಿಕ್ಕವನಿದ್ದಾಗಿಂದ ನೋಡಿದ್ದೇನೆ. ಮಾಳಿಗೆ ನೀರು ಹೊರಹಾಕುವ ದೋಣಿಯ ಬಾಯಿ ಹತ್ತಿರ ಮಾತ್ರ ಒಂದು ಹಿಡಿ ಜಾಸ್ತಿ ಹಾಕುತ್ತಿದ್ದರು. ನೀರು ಹರಿದು ಹೋಗುವ ಜಾಗ, ಕೊಚ್ಚಿ ಹೋಗೋದೂ ಅಲ್ಲೇ.

ಕರಲು ಬಗ್ಗೆ ಒಂದು ಮಾತು ಹೇಳಲೇಬೇಕು. ಕೆಲವು ಕಡೆ ಇದನ್ನೇ ಸವುಳು, ಚೌಳು ಅಂತಾರೆ. ಬೆಳೆ ಬಾರದ ನೆಲದ ಮಣ್ಣು. ಅದರಲ್ಲಿ ಸೋಡಿಯಂ ಅಂಶ ಜಾಸ್ತಿ. ನೀರು ಬಿದ್ದ ಕೂಡಲೇ ಜೇಡಿಯ ಕಣಗಳು ಬಿಡಿಬಿಡಿಯಾಗಿ ಹರಡಿ ಸಣ್ಣ ಸಣ್ಣ ಸಂದಿಗಳನ್ನೆಲ್ಲ ಮುಚ್ಚಿಬಿಡುತ್ತವೆ. ಹೊಲದಲ್ಲಿ ಇದು ಕೆಟ್ಟದ್ದು, ನೀರು ಕೆಳಗಿಳಿಯಲ್ಲ, ಬೇರಿಗೆ ಉಸಿರಿಲ್ಲ. ಮಾಳಿಗೆ ಮೇಲೆ ಅದೇ ಗುಣ ಸೋರದಂತೆ ಕಾಯುತ್ತೆ. ನಮ್ಮ ಹಿರಿಯರು ಕಂಡುಕೊಂಡ ಈ ಉಪಾಯದ ಬಗ್ಗೆ ನನಗೆ ತುಂಬಾ ಗೌರವ. ಆದರೆ ಇದು ಮಳೆ ಕಮ್ಮಿ ಇರುವ ಸೀಮೆಗೇ ಸರಿ.

ಈಗ ತೊಂದರೆ ಏನಂದರೆ, ಕರಾರಿನಲ್ಲಿ ‘ಹಳೇ ಮಾಳಿಗೆ ಬಿಚ್ಚಿ, ತೊಲೆ ಜಂತೆ ಒಂದು ಕಡೆ ಜೋಡಿಸಿಡುವುದು’ ಅಂತ ಬರೆದೆ. ಮೇಸ್ತ್ರಿಗೆ ತಕ್ಷಣ ಗೊತ್ತಾಯಿತು. ನಕ್ಷೆ ಮಾಡಿಕೊಡುವ ಹುಡುಗ ಮೈಸೂರು ಕಡೆಯವನು. ‘ಸಾರ್, ಈ ಮನೆಗೆ ಮೇಲಂತಸ್ತೇ ಇಲ್ವಲ್ಲ?’ ಅಂದ. ಅವನ ಪ್ರಶ್ನೆಯೂ ನ್ಯಾಯವೇ. ಅವನ ಊರಲ್ಲಿ ಮಾಳಿಗೆ ಅಂದರೆ ಮಹಡಿ. ಪುಸ್ತಕದ ಕನ್ನಡದಲ್ಲೂ ಹಾಗೇ. ನೆಲಮಾಳಿಗೆ ಅಂದರಂತೂ ನೆಲದ ಕೆಳಗಿನ ಕೋಣೆ. ಇದಕ್ಕೆ ‘ಮಣ್ಣಿನ ಮಾಳಿಗೆ’ ಅಂತ ಬರೆದು ದಾರಿ ಮಾಡಿಕೊಂಡಿದ್ದೇನೆ. ‘ಮೇಲ್ಛಾವಣಿ’ ಹಾಕಿ ಅಂತ ಒಬ್ಬರು ಹೇಳಿದರು. ಸರ್ಕಾರಿ ಕಾಗದದಲ್ಲಿ ಅದೇ ಓಡುತ್ತೆ, ನಿಜ. ಆದರೆ ಮಣ್ಣಿಗೂ ಹಂಚಿಗೂ ಕಾಂಕ್ರೀಟಿಗೂ ಅದೊಂದೇ ಪದ. ಅತ್ತೆಗೆ ಬೇಕಾಗಿರೋದು ಯಾವುದು ಅಂತ ಬಿಡಿಸಿ ಹೇಳುವ ಪದ. ಸೂರು ಅನ್ನೋದೂ ಬೇಡ. ಮನೆ ಇಲ್ಲದವರಿಗೆ ಸೂರು ಅಂತ ಪೇಪರಲ್ಲಿ ಓದುತ್ತೇವೆ, ಆದರೆ ಕೆಲಸದವರ ಬಾಯಲ್ಲಿ ಸೂರು ಅಂದರೆ ಗೋಡೆಯಿಂದ ಆಚೆಗೆ ಚಾಚಿದ ಅಂಚು.

ಹೊಸ ಮನೆಯ ನಡುಮನೆ, ಕೋಣೆಗಳಿಗೆ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟು, ಅಂದರೆ ಆರ್‌ಸಿಸಿ. ನಮ್ಮವರು ಇದನ್ನು ಮೋಲ್ಡು ಅಂತಾರೆ, ಕೆಲವರು ಸ್ಲ್ಯಾಬು ಅಂತಾರೆ. ಇದರಲ್ಲಿ ಗೊಂದಲ ಇಲ್ಲ. ಹಿಂದಿನ ಅಡುಗೆಮನೆಗೆ ಮಂಗಳೂರು ಹಂಚು ಬೇಕು ಅಂತ ಅತ್ತೆಗೆ ಆಸೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಹಂಚು, ನಮ್ಮ ಬಯಲುಸೀಮೆವರೆಗೂ ಬಂತು. ಹಂಚಿನ ಸಂದಿಯಲ್ಲಿ ಹೊಗೆ, ಬಿಸಿಗಾಳಿ ಹೊರಗೆ ಹೋಗುತ್ತೆ, ಒಲೆಮನೆಗೆ ಅದು ಒಳ್ಳೇದೇ. ಕೋತಿ ಕಾಟ ಇರುವ ಊರಲ್ಲಿ ಮಾತ್ರ ನಾನು ಹಂಚು ಬೇಡ ಅನ್ನುತ್ತೇನೆ.

ನಿಜವಾದ ಗೊಂದಲ ಶೀಟಿನಲ್ಲಿದೆ. ದನದ ಕೊಟ್ಟಿಗೆಗೂ ಮುಂದಿನ ಪಡಸಾಲೆಗೂ ‘ಶೀಟು ಹಾಕುವುದು’ ಅಂತ ಬರೆದುಬಿಟ್ಟರೆ ಯಾವ ಶೀಟು? ಸಿಮೆಂಟ್ ಶೀಟು ಅಂತ ಅಂಗಡಿಯಲ್ಲಿ ಕೊಡುವುದರಲ್ಲಿ ಎಷ್ಟೋ ಸಲ ಇರೋದು ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಕಲ್ನಾರು ಒಳ್ಳೇ ಕನ್ನಡ ಪದ, ಕಲ್ಲಿನ ನಾರು ಅಂತ ಕೇಳಿದ ಕೂಡಲೇ ತಿಳಿಯುತ್ತೆ. ಆದರೆ ಸಂತೆಯಲ್ಲಿ ಯಾರೂ ಆಡಲ್ಲ. ಆಡಬೇಕು ಅಂತ ನನ್ನ ಕಳಕಳಿ. ಆ ಶೀಟು ಕೊಯ್ಯುವಾಗ, ತೂತು ಹೊಡೆಯುವಾಗ, ಒಡೆದಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣದ ನಾರು ಇರುತ್ತೆ. ಅದು ಶ್ವಾಸಕೋಶಕ್ಕೆ ಹೋದರೆ ವರ್ಷಗಟ್ಟಲೆ ಆದಮೇಲೂ ಕ್ಯಾನ್ಸರ್ ತರಬಲ್ಲದು. ಯುರೋಪ್ ಒಕ್ಕೂಟದಲ್ಲಿ 2005ರಿಂದ ಇದಕ್ಕೆ ನಿಷೇಧ ಇದೆ. ನಮ್ಮಲ್ಲಿ ಮಾರಾಟ ನಡೆದೇ ಇದೆ. ಕಲ್ನಾರು ಇಲ್ಲದ ಸಿಮೆಂಟ್ ಶೀಟೂ ಸಿಗುತ್ತೆ. ಅದಕ್ಕೇ ‘ಕಲ್ನಾರು ಇಲ್ಲದ ಶೀಟು’ ಅಂತಲೇ ಬರೆದಿದ್ದೇನೆ.

ತಗಡಿನ ಶೀಟಾದರೆ ದಪ್ಪ ಎಷ್ಟು ಮಿಲಿಮೀಟರ್ ಅಂತ ನಮೂದಿಸಬೇಕು. ಬರೀ ಗೇಜ್ ಹೇಳಿದರೆ ಜನ ಮೋಸ ಹೋಗ್ತಾರೆ. ಗೇಜ್ ಸಂಖ್ಯೆ ಏರಿದಷ್ಟೂ ತಗಡು ತೆಳು, 24ಕ್ಕಿಂತ 28 ತೆಳ್ಳಗೆ. ಚಿತ್ರದುರ್ಗದ ಸುತ್ತ ಗುಡ್ಡದ ಮೇಲೆಲ್ಲ ಗಾಳಿಯಂತ್ರ ನಿಲ್ಲಿಸಿದ್ದಾರೆ ಅಂದಮೇಲೆ ಗಾಳಿ ಎಂಥದ್ದು ಅಂತ ಬೇರೆ ಹೇಳಬೇಕಾ? ತೆಳು ತಗಡು ಹಾಕಿ, ಹಾರಿ ಹೋಗದಿರಲಿ ಅಂತ ಮೇಲೆ ದಪ್ಪ ಕಲ್ಲು, ಹಳೇ ಟೈರು ಹೇರಿದ ಮನೆಗಳು ದಾರಿಯುದ್ದಕ್ಕೂ ಕಾಣುತ್ತವೆ.

ಇನ್ನು ನನ್ನ ಮುಖ್ಯ ಪ್ರಶ್ನೆ. ಅತ್ತೆಯ ಮಗ, ನಮ್ಮ ಭಾವ, ಅಮೆರಿಕದಲ್ಲಿದ್ದಾರೆ. ಪಡುವಣ ಗೋಡೆಗೆ ಸೈಡಿಂಗ್ ಹಾಕಿಸೋಣ ಅಂತಾರೆ. ಅಲ್ಲಿ ಮನೆ ಅಂದರೆ ಬಹುಪಾಲು ಮರದ ಚೌಕಟ್ಟು. ಅದಕ್ಕೆ ಮಳೆ ತಾಗದಂತೆ ಹೊರಗಿಂದ ಮರದ ಹಲಗೆ, ವಿನೈಲ್ ಅನ್ನೋ ಪ್ಲಾಸ್ಟಿಕ್, ಫೈಬರ್ ಸಿಮೆಂಟ್ ಪಟ್ಟಿಗಳನ್ನು ಒಂದರ ಮೇಲೊಂದು ಸ್ವಲ್ಪ ಕೂರುವಂತೆ ಹೊಡೆಯುತ್ತಾರೆ. ನಮ್ಮದು ಕಲ್ಲು, ಇಟ್ಟಿಗೆಯ ಗೋಡೆ. ಗಿಲಾವು ಮಾಡಿ ಸುಣ್ಣ ಬಳಿದರೆ ಮುಗಿಯಿತು. ಆದರೂ ಭಾವ ಹೇಳೋದರಲ್ಲಿ ಹುರುಳಿದೆ. ಮಧ್ಯಾಹ್ನದ ಬಿಸಿಲು ನೇರ ಬೀಳುವ ಗೋಡೆಗೆ ಒಂದಂಗುಲ ಸಂದಿ ಬಿಟ್ಟು ಹಲಗೆ ಹೊದಿಸಿದರೆ, ಸಂದಿಯ ಗಾಳಿ ಮೇಲೇರಿ ಕಾವು ಹೊತ್ತೊಯ್ಯುತ್ತೆ, ಒಳಗೋಡೆ ಅಷ್ಟು ಕಾಯಲ್ಲ.

ಇದನ್ನು ಏನಂತ ಬರೆಯಲಿ? ‘ಪಕ್ಕದ ಹೊದಿಕೆ’ ಅಂದರೆ ಯಾರಿಗೂ ತಲೆಬುಡ ತಿಳಿಯಲ್ಲ. ‘ಲೇಪನ’ ಅಂದರೆ ಬಳಿಯುವುದಾಯಿತು. ಎಲಿವೇಷನ್ ಟೈಲ್ಸ್ ಅನ್ನೋದು ಮುಂಭಾಗದ ಚೆಂದಕ್ಕೆ. ನಾನು ಸದ್ಯಕ್ಕೆ ‘ಗೋಡೆಹೊದಿಕೆ’ ಅಂತ ಬರೆದಿದ್ದೇನೆ. ಕ್ರಿಯಾಪದವನ್ನೂ ಬೇರೆ ಮಾಡಿದ್ದೇನೆ. ಟೈಲ್ಸು, ಕಲ್ಲಿನ ಬಿಲ್ಲೆ ಗಾರೆಯಿಂದ ಗೋಡೆಗೇ ಕೂರುವುದಾದರೆ ‘ಹಚ್ಚುವುದು’. ಚೌಕಟ್ಟು ಕೂರಿಸಿ ಸಂದಿ ಬಿಟ್ಟು ಹಾಕುವುದಾದರೆ ‘ಹೊದಿಸುವುದು’. ಹುಲ್ಲು ಹೊದಿಸೋದು, ಹಂಚು ಹೊದಿಸೋದು ನಮ್ಮ ಬಾಯಲ್ಲಿ ಇದ್ದೇ ಇದೆ, ಅಲ್ವಾ? ಮೇಸ್ತ್ರಿಗೆ ಓದಿ ಹೇಳಿದೆ. ‘ಹೊದಿಸೋದು ಅಂದ್ರೆ ಗೋಡೆಗೆ ಅಂಟಬಾರದು’ ಅಂತ ಅವರೇ ಅಂದರು. ನನಗೆ ಸಮಾಧಾನ ಆಯಿತು.

ಆದರೂ ಬಳಕೆಯಲ್ಲಿ ಹಳೇ ಪದ ಇದ್ದರೆ ಅದೇ ಮೇಲು. ಚನ್ನಗಿರಿ, ಹೊನ್ನಾಳಿ ಕಡೆಯವರು ಮಳೆಗಾಲದಲ್ಲಿ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಾರೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಆ ಎರಡು ತಾಲ್ಲೂಕು ಶಿವಮೊಗ್ಗದಿಂದ ಬಂದವು. ಜಗಳೂರು, ಹರಿಹರ ಚಿತ್ರದುರ್ಗದಿಂದ ಹೋದವು. ಹಾಗಾಗಿ ಒಂದೇ ಜಿಲ್ಲೆಯಲ್ಲಿ ಮಲೆನಾಡಿನ ಪದವೂ ಇದೆ, ಬಯಲುಸೀಮೆಯದೂ ಇದೆ. ತಟ್ಟಿ ಅನ್ನುವ ಪದವನ್ನು ಖಾಯಂ ಹಲಗೆಗೂ ಬಳಸುತ್ತೀರಾ, ಇಲ್ಲ ಮಳೆ ಮುಗಿದ ಮೇಲೆ ಬಿಚ್ಚುವುದಕ್ಕೆ ಮಾತ್ರವಾ? ಜಗಳೂರು, ಮೊಳಕಾಲ್ಮೂರು, ಹೊಸದುರ್ಗದವರು ಗೋಡೆಯ ಹೊರಮೈಗೆ ಹಾಕುವ ಹಲಗೆಗೆ ಅಥವಾ ಚಪ್ಪಡಿಗೆ ಏನಂತೀರಿ? ಕರಲಿಗೆ ನಿಮ್ಮೂರಿನ ಹೆಸರು ಯಾವುದು ಅಂತಲೂ ತಿಳಿಸಿ. ಕೇಳಿದ ಊರು, ಆಡಿದವರ ಕಸುಬು ಎರಡನ್ನೂ ಬರೆದರೆ ಉಪಕಾರ. ಮುಂದಿನ ವಾರ ಅತ್ತೆ ಸಹಿ ಹಾಕುವವರಿದ್ದಾರೆ.