ಪಾರ್ಮೆಸಾನ್ ಡಬ್ಬಿಯೂ ನಮ್ಮ ಕಾಫಿ ಮೂಟೆಯೂ

(ಮನೆಯ ವಾಟ್ಸಾಪ್ ಗುಂಪಿನಲ್ಲಿ, ಅಮೆರಿಕದಲ್ಲಿರುವ ಅಕ್ಕ ಚೀಸ್ ಡಬ್ಬಿಯೊಂದರ ಫೋಟೊ ಹಾಕಿದ ಮೇಲೆ)

ಅಕ್ಕ: ಮೇಲೆ ದಪ್ಪ ಅಕ್ಷರದಲ್ಲಿ ‘ಪಾರ್ಮೆಸಾನ್’ ಎಂದಿದೆ, ತಯಾರಾದದ್ದು ಮಾತ್ರ ಇಲ್ಲಿಯೇ. ಇಟಲಿಯ ಪಾರ್ಮಾ ಊರಿನ ಹೆಸರನ್ನು ಹೀಗೆ ಬಳಸಬಹುದೇ?

ನಾನು: ಅಲ್ಲಿ ಬಳಸಬಹುದು ಅಕ್ಕ, ಯುರೋಪಿನಲ್ಲಿ ಆಗದು. ಪಾರ್ಮಾ, ರೆಜ್ಜೊ ಎಮಿಲಿಯಾ ಸುತ್ತಲಿನ ಗೊತ್ತುಪಡಿಸಿದ ಸೀಮೆಯಲ್ಲಿ ತಯಾರಾಗಿ, ಕನಿಷ್ಠ 12 ತಿಂಗಳು ಮಾಗಿದ ಚೀಸಿನ ರಕ್ಷಿತ ಹೆಸರಾದ ‘ಪಾರ್ಮಿಜಾನೊ ರೆಜ್ಜಾನೊ’ವನ್ನೇ ‘ಪಾರ್ಮೆಸಾನ್’ ಎಂಬುದೂ ನೆನಪಿಸುತ್ತದೆ ಎಂದು ಯುರೋಪಿನ ನ್ಯಾಯಾಲಯ 2008ರಲ್ಲಿ ಹೇಳಿತು. ಅಮೆರಿಕದಲ್ಲಿ ಅದು ಸಾಮಾನ್ಯ ಹೆಸರಾಗಿಹೋಗಿದೆ.

ಚಿಕ್ಕಪ್ಪ: ಅದರಲ್ಲಿ ತಪ್ಪೇನಿದೆ? ಮೈಸೂರು ಪಾಕನ್ನು ಚೆನ್ನೈನಲ್ಲೂ ಮಾಡುತ್ತಾರೆ, ಮೈಸೂರಿಗೆ ಅದರಿಂದ ಕುಂದೇನೂ ಬಂದಿಲ್ಲ.

ನಾನು: ಮೈಸೂರು ಪಾಕು ಕೈಹದದ ವಿದ್ಯೆ ಚಿಕ್ಕಪ್ಪ, ಕಡಲೆಹಿಟ್ಟು, ತುಪ್ಪ, ಸಕ್ಕರೆ ಎಲ್ಲಿಯಾದರೂ ಸಿಗುತ್ತವೆ, ನೆರಳುಮರಗಳ ಕೆಳಗಿನ ನಮ್ಮ ಕಾಫಿ ತೋಟದ ಮಣ್ಣು ಬೇರೆಲ್ಲೂ ಸಿಗದು. ನನ್ನ ತಕರಾರು ತಾರತಮ್ಯದ ಬಗ್ಗೆ. 1995ರಲ್ಲಿ ಜಾರಿಗೆ ಬಂದ, ವಿಶ್ವ ವ್ಯಾಪಾರ ಸಂಸ್ಥೆಯ ಬೌದ್ಧಿಕ ಆಸ್ತಿಯ ಒಪ್ಪಂದವಾದ ಟ್ರಿಪ್ಸ್‌ನ 23ನೆಯ ವಿಧಿಯ ಪ್ರಕಾರ, ಹಳೆಯ ಬಳಕೆಗೆ ಕೊಟ್ಟ ವಿನಾಯಿತಿಗಳನ್ನು ಬಿಟ್ಟರೆ, ಫ್ರಾನ್ಸಿನ ಶಾಂಪೇನ್ ಸೀಮೆಯದಲ್ಲದ ವೈನಿಗೆ ‘ಶಾಂಪೇನ್ ಮಾದರಿ’ ಎಂದು ಹೆಸರಿಟ್ಟು ನಿಜವಾದ ಊರನ್ನು ಪಕ್ಕದಲ್ಲೇ ಮುದ್ರಿಸಿದರೂ ಅದು ತಪ್ಪೇ. ಕಾಫಿ, ಚಹಾ, ಅಕ್ಕಿಗಾದರೆ ಗ್ರಾಹಕರು ದಾರಿತಪ್ಪುತ್ತಾರೆ ಅಥವಾ ಅದು ಅನ್ಯಾಯದ ಪೈಪೋಟಿ ಎಂದು ನಾವೇ ತೋರಿಸಿಕೊಡಬೇಕು. ದ್ರಾಕ್ಷಿ ಬೆಳೆಯುವವನ ಊರಿಗಿರುವ ಮರ್ಯಾದೆ ಕಾಫಿ ಬೆಳೆಯುವವನ ಊರಿಗೆ ಏಕಿಲ್ಲ?

ಅತ್ತೆ: ಹಾಗಾದರೆ 2019ರಲ್ಲಿ ನಮ್ಮ ಚಿಕ್ಕಮಗಳೂರು ಅರೇಬಿಕಾ ಕಾಫಿಗೆ ಸಿಕ್ಕ ಜಿಐ (ಭೌಗೋಳಿಕ ಸೂಚಕ) ಟ್ಯಾಗ್ ಹೊರದೇಶದಲ್ಲಿ ನಡೆಯುವುದಿಲ್ಲವೇ?

ನಾನು: ತಾನಾಗಿಯೇ ನಡೆಯದು ಅತ್ತೆ, ಆಯಾ ದೇಶದ ಕಾನೂನಿನಂತೆ ರಕ್ಷಣೆ ಪಡೆಯಬೇಕು. ಆದರೂ ಇದು ಬೇಕೇ ಬೇಕು, ಏಕೆಂದರೆ ಹುಟ್ಟಿದ ದೇಶದಲ್ಲೇ ರಕ್ಷಣೆಯಿಲ್ಲದ ಹೆಸರನ್ನು ಹೊರಗಿನವರು ಕಾಯಬೇಕಾಗಿಲ್ಲ ಎಂದು ಅದೇ ಒಪ್ಪಂದದ 24ನೆಯ ವಿಧಿ ಹೇಳುತ್ತದೆ. 1997ರಲ್ಲಿ ಬಾಸ್ಮತಿ ತಳಿಗಳ ಮೇಲೆ ಅಮೆರಿಕದ ಕಂಪನಿಯೊಂದು ಪೇಟೆಂಟ್ ಪಡೆದಾಗ ನಮ್ಮಲ್ಲಿ ಜಿಐ ಕಾಯ್ದೆಯೇ ಇರಲಿಲ್ಲ.

ಚಿಕ್ಕಪ್ಪ: ವಿಧಿಗಳೆಲ್ಲ ಸರಿ. ಮೊನ್ನೆ ನಮ್ಮ ಕಣದಿಂದ ಕಾಫಿ ಹಸನುಮಾಡುವ ಕ್ಯೂರಿಂಗ್ ವರ್ಕ್ಸ್‌ಗೆ ಹೋದ ಪಾರ್ಚ್‌ಮೆಂಟ್ (ಒಳಸಿಪ್ಪೆ ಸಹಿತ ಒಣಗಿಸಿದ ಕಾಫಿ ಬೀಜ) ಮೂಟೆಗಳ ಮೇಲೆ ಕೆಂಪು ಮಸಿಯಲ್ಲಿ ನನ್ನ ಹೆಸರಿನ ಮೊದಲಕ್ಷರ, ತೂಕ ಎರಡೇ ಇದ್ದವು. ಅಲ್ಲಿ ಅದು ಯಾವ ರಾಶಿಗೆ ಸೇರಿತೋ! ಟ್ಯಾಗ್ ಬಂದ ಮೇಲೆ ನನಗೆ ಒಂದು ರೂಪಾಯಿಯೂ ಹೆಚ್ಚು ಸಿಕ್ಕಿಲ್ಲ.

ನಾನು: ಆ ಮಾತನ್ನು ಒಪ್ಪುತ್ತೇನೆ. ಹೆಸರಿನ ನೋಂದಣಿ ಕಾಫಿ ಮಂಡಳಿಯದು. ಬೆಳೆಗಾರರು ಅಧಿಕೃತ ಬಳಕೆದಾರರಾಗಿ ಬೇರೆಯೇ ಅರ್ಜಿ ಹಾಕಬೇಕು, ನಮ್ಮ ಮನೆಯಿಂದ ಯಾರೂ ಹಾಕಿಲ್ಲ. ನಿಮ್ಮ ಪಹಣಿಯ ಪ್ರತಿ ಕಳುಹಿಸಿ, ನಾನೇ ಬರೆದು ಕೊಡುತ್ತೇನೆ.

ಚಿಕ್ಕಪ್ಪ: ಪಹಣಿ ಸಂಜೆ ಕಳುಹಿಸುತ್ತೇನೆ. ನಮ್ಮ ಕಾಫಿಗೆ ಬೇರೆ ಸೀಮೆಯದನ್ನು ಬೆರೆಸಿ ಇದೇ ಹೆಸರಿನಲ್ಲಿ ಮಾರುವವರನ್ನು ತಡೆಯುವವರು ಯಾರು ಎಂಬುದನ್ನೂ ಅರ್ಜಿಯ ಜೊತೆಗೇ ಕೇಳಿಬಿಡು.